ವಿಶ್ವ ಭಾಷಾ ಶಿಕ್ಷಕರ ಸ್ನಾತಕೋತ್ತರ ತರಬೇತಿ (ಅಮೆರಿಕ ಸಂಯುಕ್ತ ಸಂಸ್ಥಾನ)

ವಿಶ್ವ ಭಾಷಾ ಶಿಕ್ಷಕರ ಸ್ನಾತಕೋತ್ತರ ತರಬೇತಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷೇತರ ಭಾಷೆಗಳನ್ನು ಬೋಧಿಸಲು ಅಗತ್ಯವಾದ ಪರವಾನಗಿಯನ್ನು ಪಡೆಯುವ ಸಲುವಾಗಿ ಪದವೀಧರರು ಕೈಗೊಳ್ಳುವ ವೃತ್ತಿಶಿಕ್ಷಣವಾಗಿದೆ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಚೀನೀ, ಜಪಾನೀ, ಅರಬ್ಬಿ, ಲ್ಯಾಟಿನ್ ಮತ್ತು ಅಮೆರಿಕನ್ ಸಂಜ್ಞಾ ಭಾಷೆಗಳು ಈ ವ್ಯಾಪ್ತಿಗೆ ಬರುವ ಮುಖ್ಯ ಭಾಷೆಗಳು. ತರಬೇತಿಯು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳ ಅವಧಿಯದ್ದಾಗಿದ್ದು, ‘ಮಾಸ್ಟರ್ ಆಫ್ ಆರ್ಟ್ಸ್ ಇನ್ ಟೀಚಿಂಗ್’ ಅಥವಾ ‘ಮಾಸ್ಟರ್ ಆಫ್ ಎಜುಕೇಷನ್’ ಪದವಿಯೊಂದಿಗೆ ಮುಕ್ತಾಯಗೊಳ್ಳುತ್ತದೆ. ಪದವಿಯನ್ನು ವಿಶ್ವವಿದ್ಯಾಲಯವು ನೀಡುತ್ತದೆ. ಪರವಾನಗಿಯನ್ನು ಆಯಾ ರಾಜ್ಯ ಸರ್ಕಾರವು ನೀಡುತ್ತದೆ.

ಈ ವ್ಯವಸ್ಥೆಯು ಎರಡು ಬೇರೆ ಬೇರೆ ಸಾಮರ್ಥ್ಯಗಳಿಗೆ ಪ್ರತ್ಯೇಕ ಪುರಾವೆಯನ್ನು ಕೇಳುತ್ತದೆ. ಭಾಷೆಯನ್ನು ಬಲ್ಲವರಾಗಿರುವುದು ಮೊದಲನೆಯದು. ಬಲ್ಲ ಭಾಷೆಯನ್ನು ಮಕ್ಕಳಿಗೆ ಕಲಿಸಬಲ್ಲವರಾಗಿರುವುದು ಎರಡನೆಯದು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದೆಯೆಂದು ಭಾವಿಸದಿರುವುದೇ ಪರವಾನಗಿಯ ಆಧಾರತತ್ತ್ವ. ಆದರೆ ಎರಡೂ ಪುರಾವೆಗಳನ್ನು ಒದಗಿಸಬಲ್ಲ ಅಭ್ಯರ್ಥಿಗಳ ಸಂಖ್ಯೆಯು ಶಾಲೆಗಳ ಬೇಡಿಕೆಗಿಂತ ಕಡಿಮೆ ಇರುವುದರಿಂದ, ಗುಣಮಟ್ಟವನ್ನು ಎಷ್ಟರ ಮಟ್ಟಿಗೆ ಕಾಯ್ದುಕೊಳ್ಳಬೇಕು ಮತ್ತು ಪ್ರವೇಶವನ್ನು ಎಷ್ಟು ಸಡಿಲಗೊಳಿಸಬೇಕು ಎಂಬುದು ಈ ಕ್ಷೇತ್ರದ ದೀರ್ಘಕಾಲದ ಚರ್ಚೆಯಾಗಿದೆ.

ಹೆಸರು

ಬಹುಕಾಲದವರೆಗೆ ಈ ವಿಷಯವನ್ನು ‘ವಿದೇಶಿ ಭಾಷೆಗಳು’ ಎಂದೇ ಕರೆಯಲಾಗುತ್ತಿತ್ತು. ಸ್ಪ್ಯಾನಿಷ್ ಭಾಷೆಯು ಅಮೆರಿಕದ ಕೋಟ್ಯಂತರ ನಿವಾಸಿಗಳ ಮನೆಮಾತು. ನವಾಹೊ ಮೊದಲಾದ ಮೂಲನಿವಾಸಿಗಳ ಭಾಷೆಗಳು ಇಂಗ್ಲಿಷಿಗಿಂತ ಮುಂಚಿನಿಂದಲೂ ಆ ನೆಲದಲ್ಲಿವೆ. ಅಮೆರಿಕನ್ ಸಂಜ್ಞಾ ಭಾಷೆಯು ಆ ದೇಶದಲ್ಲಿಯೇ ರೂಪುಗೊಂಡಿತು. ಇವುಗಳನ್ನು ‘ವಿದೇಶಿ’ ಎನ್ನುವುದು ಸರಿಯಲ್ಲವೆಂಬ ಕಾರಣದಿಂದ ‘ವಿಶ್ವ ಭಾಷೆಗಳು’ ಎಂಬ ಹೆಸರು ಕ್ರಮೇಣ ಬಳಕೆಗೆ ಬಂದಿತು. ಕೆಲವು ರಾಜ್ಯಗಳು ನಡುವೆ ‘ಇಂಗ್ಲಿಷ್ ಹೊರತಾದ ಭಾಷೆಗಳು’ ಎಂಬ ಹೆಸರನ್ನೂ ಬಳಸಿದವು. ನ್ಯೂಯಾರ್ಕ್ ರಾಜ್ಯವು 2021ರಲ್ಲಿ ತನ್ನ ಕಲಿಕಾ ಮಾನಕಗಳನ್ನು ಪರಿಷ್ಕರಿಸಿದಾಗ ‘ವಿಶ್ವ ಭಾಷೆಗಳು’ ಎಂಬ ಹೆಸರನ್ನು ಅಳವಡಿಸಿಕೊಂಡಿತು.

ಇತಿಹಾಸ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಭಾಷೆಯ ಬೋಧನೆಯನ್ನು ಅಮೆರಿಕದ ಹಲವು ರಾಜ್ಯಗಳು ನಿರ್ಬಂಧಿಸಿದವು. ನೆಬ್ರಾಸ್ಕ ರಾಜ್ಯವು 1919ರಲ್ಲಿ ಮಾಡಿದ ಕಾನೂನು ಎಂಟನೆಯ ತರಗತಿಯನ್ನು ಮುಗಿಸದ ಮಕ್ಕಳಿಗೆ ಇಂಗ್ಲಿಷಲ್ಲದ ಆಧುನಿಕ ಭಾಷೆಗಳನ್ನು ಕಲಿಸುವುದನ್ನು ನಿಷೇಧಿಸಿತು. ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಓದು ಕಲಿಸಿದ ಕಾರಣಕ್ಕಾಗಿ ರಾಬರ್ಟ್ ಮೇಯರ್ ಎಂಬ ಶಿಕ್ಷಕರಿಗೆ ಈ ಕಾನೂನಿನಡಿ ದಂಡ ವಿಧಿಸಲಾಯಿತು. ‘ಮೇಯರ್ ವಿರುದ್ಧ ನೆಬ್ರಾಸ್ಕ’ ಎಂದು ಪ್ರಸಿದ್ಧವಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ಆ ಕಾನೂನನ್ನು ರದ್ದುಗೊಳಿಸಿತು. ಭಾಷೆಯನ್ನು ಕಲಿಸುವ ಶಿಕ್ಷಕರ ಹಕ್ಕು ಮತ್ತು ಅದನ್ನು ಕಲಿಸಲು ಶಿಕ್ಷಕರನ್ನು ನೇಮಿಸಿಕೊಳ್ಳುವ ಪೋಷಕರ ಹಕ್ಕು ಸಂವಿಧಾನದ ರಕ್ಷಣೆಯನ್ನು ಪಡೆದಿವೆ ಎಂದು ಈ ತೀರ್ಪು ಮಾನ್ಯ ಮಾಡಿತು.

ವಿಷಯಜ್ಞಾನವನ್ನೂ ಬೋಧನಾ ತರಬೇತಿಯನ್ನೂ ಒಂದುಗೂಡಿಸುವ ‘ಮಾಸ್ಟರ್ ಆಫ್ ಆರ್ಟ್ಸ್ ಇನ್ ಟೀಚಿಂಗ್’ ಪದವಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯವು ಜೇಮ್ಸ್ ಬ್ರ್ಯಾಂಟ್ ಕೊನಂಟ್ ಅವರು ಅಧ್ಯಕ್ಷರಾಗಿದ್ದಾಗ 1936ರಲ್ಲಿ ಆರಂಭಿಸಿತು. ಪದವಿ ತರಗತಿಯಲ್ಲಿ ಒಂದು ವಿಷಯವನ್ನು ಆಳವಾಗಿ ಓದಿ, ಅನಂತರ ಬೋಧನೆಯ ಕಲೆಯನ್ನು ಕಲಿಯುವ ಈ ಮಾದರಿಯೇ ಇಂದಿನ ಬಹುತೇಕ ಕಾರ್ಯಕ್ರಮಗಳ ತಳಹದಿಯಾಗಿದೆ.

ಸೋವಿಯತ್ ಒಕ್ಕೂಟವು 1957ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಉಡಾಯಿಸಿದ ಮರುವರ್ಷವೇ ಅಮೆರಿಕದ ಕಾಂಗ್ರೆಸ್ ‘ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ’ಯನ್ನು ಅಂಗೀಕರಿಸಿತು. ಗಣಿತ ಮತ್ತು ವಿಜ್ಞಾನಗಳ ಜೊತೆಗೆ ಆಧುನಿಕ ಭಾಷೆಗಳ ಬೋಧನೆಯನ್ನೂ ರಾಷ್ಟ್ರದ ಭದ್ರತೆಯ ವಿಷಯವೆಂದು ಈ ಕಾಯಿದೆ ಪರಿಗಣಿಸಿತು. ಭಾಷಾ ಶಿಕ್ಷಕರಿಗೆ ತರಬೇತಿ ಶಿಬಿರಗಳೂ ಶಾಲೆಗಳಿಗೆ ಭಾಷಾ ಪ್ರಯೋಗಾಲಯಗಳೂ ಇದರಿಂದ ದೊರೆತವು. 1967ರಲ್ಲಿ ‘ಆಕ್ಟ್‌ಫಲ್’ ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾಗಿರುವ ಅಮೆರಿಕನ್ ವಿದೇಶಿ ಭಾಷಾ ಬೋಧನಾ ಮಂಡಳಿಯು ಸ್ಥಾಪನೆಯಾಯಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ಆಯೋಗವು 1979ರಲ್ಲಿ ಸಲ್ಲಿಸಿದ ವರದಿಯು ದೇಶದ ಭಾಷಾಶಿಕ್ಷಣದ ದುಃಸ್ಥಿತಿಯನ್ನು ಕಟುವಾಗಿ ವಿಮರ್ಶಿಸಿ, ಸಾಮರ್ಥ್ಯವನ್ನು ಅಳೆಯುವ ಸಾಮಾನ್ಯ ಮಾನದಂಡದ ಅಗತ್ಯವನ್ನು ಮುಂದಿಟ್ಟಿತು.

ವಿದೇಶಾಂಗ ಅಧಿಕಾರಿಗಳ ಭಾಷಾಶಕ್ತಿಯನ್ನು ಅಳೆಯಲು 1950ರ ದಶಕದಲ್ಲಿ ರೂಪಿಸಿದ್ದ ಶ್ರೇಣಿಯನ್ನು ಆಧರಿಸಿ ಆಕ್ಟ್‌ಫಲ್ 1986ರಲ್ಲಿ ‘ಪ್ರಾವೀಣ್ಯ ಮಾರ್ಗಸೂಚಿ’ಯನ್ನು ಪ್ರಕಟಿಸಿತು. 1996ರಲ್ಲಿ ಶಾಲಾಮಕ್ಕಳ ಭಾಷಾಕಲಿಕೆಗೆ ರಾಷ್ಟ್ರೀಯ ಮಾನಕಗಳು ಪ್ರಕಟವಾದವು. ಭಾಷಾ ಶಿಕ್ಷಕರ ತರಬೇತಿಗೆಂದೇ ಪ್ರತ್ಯೇಕ ಮಾನಕಗಳು 2002ರಲ್ಲಿ ಜಾರಿಗೆ ಬಂದು 2013ರಲ್ಲಿ ಪರಿಷ್ಕೃತವಾದವು. ಹಿಂದೆ ಶಿಕ್ಷಕ ಅಭ್ಯರ್ಥಿಗಳು ಎಷ್ಟು ಕ್ರೆಡಿಟ್‌ಗಳಷ್ಟು ಭಾಷಾಪಠ್ಯವನ್ನು ಓದಿದ್ದಾರೆ ಎಂಬುದನ್ನು ಮಾತ್ರ ನೋಡಲಾಗುತ್ತಿತ್ತು. ಈ ಮಾನಕಗಳು ಬಂದ ಬಳಿಕ ಅವರು ಆ ಭಾಷೆಯಲ್ಲಿ ಏನನ್ನು ಮಾಡಬಲ್ಲರು ಎಂಬುದು ಮುಖ್ಯವಾಯಿತು.

ಪರವಾನಗಿಯ ಅಧಿಕಾರ

ಅಮೆರಿಕದಲ್ಲಿ ಶಿಕ್ಷಣವು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಆದ್ದರಿಂದ ದೇಶಕ್ಕೆಲ್ಲ ಅನ್ವಯಿಸುವ ಏಕೈಕ ಶಿಕ್ಷಕ ಪರವಾನಗಿ ಇಲ್ಲ. ಪ್ರತಿ ರಾಜ್ಯವೂ ತನ್ನದೇ ಅರ್ಹತೆ, ಪರೀಕ್ಷೆ ಮತ್ತು ನವೀಕರಣದ ನಿಯಮಗಳನ್ನು ಹೊಂದಿದೆ. ಕೆಲವು ರಾಜ್ಯಗಳು ಇದನ್ನು ‘ಪರವಾನಗಿ’ ಎಂದೂ ಇನ್ನು ಕೆಲವು ‘ಪ್ರಮಾಣಪತ್ರ’ ಎಂದೂ ಕರೆಯುತ್ತವೆ. ಖಾಸಗಿ ಶಾಲೆಗಳು ಮತ್ತು ವಿಶ್ವವಿದ್ಯಾಲಯಗಳು ತಮ್ಮ ಬೋಧಕರಿಂದ ಈ ಪರವಾನಗಿಯನ್ನು ಸಾಮಾನ್ಯವಾಗಿ ಅಪೇಕ್ಷಿಸುವುದಿಲ್ಲ.

ಸ್ನಾತಕೋತ್ತರ ಪದವಿಯ ಅಗತ್ಯವೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅನೇಕ ರಾಜ್ಯಗಳಲ್ಲಿ ಶಿಕ್ಷಣವಿಷಯಗಳನ್ನು ಒಳಗೊಂಡ ಪದವಿ ಮಟ್ಟದ ತರಬೇತಿಯಿಂದಲೇ ಪರವಾನಗಿ ದೊರೆಯುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಪದವಿಯ ಆಧಾರದ ಮೇಲೆ ಐದು ವರ್ಷಗಳ ಆರಂಭಿಕ ಪ್ರಮಾಣಪತ್ರ ದೊರೆತರೂ, ವೃತ್ತಿಪರ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ ಮತ್ತು ಮೂರು ವರ್ಷಗಳ ಬೋಧನಾನುಭವ ಬೇಕು. ಕ್ಯಾಲಿಫೋರ್ನಿಯದಲ್ಲಿ ಶಿಕ್ಷಕ ತರಬೇತಿಯನ್ನು ಪದವಿಯ ಅನಂತರದ ಹಂತದಲ್ಲಿ ಪಡೆಯುವ ಸಂಪ್ರದಾಯ ಪ್ರಬಲವಾಗಿದೆ; ಅಲ್ಲಿ ಮೊದಲಿಗೆ ಐದು ವರ್ಷಗಳ ಪ್ರಾಥಮಿಕ ಪರವಾನಗಿಯನ್ನು ನೀಡಿ, ಶಿಕ್ಷಕರು ಅನುಭವಿ ಸಹೋದ್ಯೋಗಿಗಳ ಮಾರ್ಗದರ್ಶನದ ಅವಧಿಯನ್ನು ಪೂರೈಸಿದ ಬಳಿಕ ಪೂರ್ಣ ಪರವಾನಗಿಯನ್ನು ನೀಡಲಾಗುತ್ತದೆ.

ಪ್ರವೇಶ

ಸ್ನಾತಕೋತ್ತರ ಕಾರ್ಯಕ್ರಮಕ್ಕೆ ಸೇರಲು ಬೋಧಿಸಲಿರುವ ಭಾಷೆಯಲ್ಲಿ ಪದವಿ ಅಥವಾ ಅದಕ್ಕೆ ಸಮಾನವಾದ ವ್ಯಾಸಂಗ ಅಗತ್ಯ. ನ್ಯೂಯಾರ್ಕಿನಂತಹ ರಾಜ್ಯಗಳು ಆ ಭಾಷೆಯಲ್ಲಿ ಸುಮಾರು 30 ಸೆಮಿಸ್ಟರ್ ಕ್ರೆಡಿಟ್‌ಗಳ ಅಧ್ಯಯನವನ್ನು ಅಪೇಕ್ಷಿಸುತ್ತವೆ. 4 ಅಂಶಗಳ ಮಾನದಲ್ಲಿ 3.0 ಸರಾಸರಿ ದರ್ಜೆ, ಶಿಫಾರಸು ಪತ್ರಗಳು, ಉದ್ದೇಶ ಪ್ರಬಂಧ ಮತ್ತು ಭಾಷಾಸಂದರ್ಶನಗಳು ಪ್ರವೇಶದ ರೂಢಿಯ ಷರತ್ತುಗಳು. ಮಕ್ಕಳೊಂದಿಗೆ ಕೆಲಸ ಮಾಡಬೇಕಾದ್ದರಿಂದ ಬೆರಳಚ್ಚು ಮತ್ತು ಅಪರಾಧ ಹಿನ್ನೆಲೆಯ ತಪಾಸಣೆಯನ್ನೂ ನಡೆಸಲಾಗುತ್ತದೆ.

ಅಭ್ಯರ್ಥಿಗಳಲ್ಲಿ ಸ್ಥೂಲವಾಗಿ ಎರಡು ವರ್ಗಗಳನ್ನು ಗುರುತಿಸಬಹುದು. ಭಾಷೆಯನ್ನು ಶಾಲೆ ಮತ್ತು ಕಾಲೇಜುಗಳಲ್ಲಿ ಕಲಿತವರು ಮೊದಲ ವರ್ಗದವರು. ಇವರಿಗೆ ವ್ಯಾಕರಣದ ಪರಿಭಾಷೆ ಮತ್ತು ಸಾಹಿತ್ಯದ ಪರಿಚಯ ಚೆನ್ನಾಗಿರುತ್ತದೆ. ನಿರರ್ಗಳವಾದ ಮಾತು ಕಷ್ಟವಾಗಬಹುದು. ಭಾಷೆಯನ್ನು ಮನೆಯಲ್ಲಿಯೇ ಆಡುತ್ತ ಬೆಳೆದವರು ಎರಡನೆಯ ವರ್ಗದವರು. ಇವರ ಮಾತು ಸಹಜವಾಗಿರುತ್ತದೆ. ಆದರೆ ಆ ಭಾಷೆಯಲ್ಲಿ ಶಾಲಾಶಿಕ್ಷಣ ದೊರೆಯದಿದ್ದರೆ ಔಪಚಾರಿಕ ಬರವಣಿಗೆ, ಕಾಗುಣಿತ ಮತ್ತು ಗ್ರಾಂಥಿಕ ಶೈಲಿಗಳಲ್ಲಿ ಕೊರತೆ ಕಾಣಬಹುದು. ಹುಟ್ಟಿನಿಂದ ಬಂದ ಭಾಷೆಯ ನಿಯಮಗಳನ್ನು ಆ ಭಾಷೆ ಅರಿಯದ ಮಗುವಿಗೆ ವಿವರಿಸುವುದು ಇವರಿಗೆ ಹೊಸ ಕೆಲಸ. ಉತ್ತಮ ಕಾರ್ಯಕ್ರಮಗಳು ಈ ಎರಡೂ ವರ್ಗಗಳ ಕೊರತೆಗಳನ್ನು ಆರಂಭದಲ್ಲಿಯೇ ಗುರುತಿಸಿ ಪ್ರತ್ಯೇಕ ಪೂರಕ ವ್ಯಾಸಂಗವನ್ನು ಸೂಚಿಸುತ್ತವೆ.

ಭಾಷಾ ಪ್ರಾವೀಣ್ಯ

ಆಕ್ಟ್‌ಫಲ್ ಮಾರ್ಗಸೂಚಿಯು ಭಾಷಾಸಾಮರ್ಥ್ಯವನ್ನು ಐದು ಮುಖ್ಯ ಹಂತಗಳಾಗಿ ವಿಂಗಡಿಸುತ್ತದೆ: ಆರಂಭಿಕ, ಮಧ್ಯಮ, ಮುಂದುವರಿದ, ಉನ್ನತ ಮತ್ತು ವಿಶಿಷ್ಟ. ಇವುಗಳಲ್ಲಿ ‘ವಿಶಿಷ್ಟ’ ಹಂತವನ್ನು ಮಾತಿನ ಕೌಶಲಕ್ಕೆ 2012ರ ಪರಿಷ್ಕರಣೆಯಲ್ಲಿ ಸೇರಿಸಲಾಯಿತು. ಮೊದಲ ಮೂರು ಹಂತಗಳನ್ನು ಮತ್ತೆ ಕೆಳ, ನಡು ಮತ್ತು ಮೇಲು ಎಂಬ ಉಪಹಂತಗಳಾಗಿ ವಿಭಾಗಿಸಲಾಗಿದೆ.

ಆರಂಭಿಕ ಹಂತದವರು ಕಲಿತ ಪದಗಳು ಮತ್ತು ಬಾಯಿಪಾಠ ಮಾಡಿದ ನುಡಿಗಟ್ಟುಗಳನ್ನು ಬಳಸುತ್ತಾರೆ. ಮಧ್ಯಮ ಹಂತದವರು ಸ್ವಂತ ವಾಕ್ಯಗಳನ್ನು ರಚಿಸಿ, ಪ್ರಶ್ನೆ ಕೇಳಿ, ದೈನಂದಿನ ಸರಳ ಸನ್ನಿವೇಶಗಳನ್ನು ನಿಭಾಯಿಸುತ್ತಾರೆ. ಮುಂದುವರಿದ ಹಂತದವರು ನಡೆದುದನ್ನು, ನಡೆಯುತ್ತಿರುವುದನ್ನು ಮತ್ತು ನಡೆಯಲಿರುವುದನ್ನು ಸುಸಂಬದ್ಧವಾಗಿ ನಿರೂಪಿಸಬಲ್ಲರು. ಅನಿರೀಕ್ಷಿತ ತೊಡಕು ಎದುರಾದಾಗ ಅದನ್ನು ಮಾತಿನಿಂದಲೇ ಬಗೆಹರಿಸಿಕೊಳ್ಳಬಲ್ಲರು. ಉನ್ನತ ಹಂತದವರು ಅಮೂರ್ತ ವಿಷಯಗಳನ್ನು ಚರ್ಚಿಸಿ, ತಮ್ಮ ಅಭಿಪ್ರಾಯವನ್ನು ಸಮರ್ಥಿಸಿಕೊಂಡು, ಊಹಾತ್ಮಕ ಸನ್ನಿವೇಶಗಳ ಬಗ್ಗೆ ವಾದಿಸಬಲ್ಲರು.

ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಪೋರ್ಚುಗೀಸ್ ಮತ್ತು ರಷ್ಯನ್ ಭಾಷೆಗಳ ಶಿಕ್ಷಕ ಅಭ್ಯರ್ಥಿಗಳಿಗೆ ಮಾತಿನಲ್ಲಿ ‘ಮುಂದುವರಿದ–ಕೆಳ’ ಹಂತವನ್ನು ಮಾನಕಗಳು ಕನಿಷ್ಠವೆಂದು ನಿಗದಿಪಡಿಸಿವೆ. ಅರಬ್ಬಿ, ಚೀನೀ, ಜಪಾನೀ ಮತ್ತು ಕೊರಿಯನ್ ಭಾಷೆಗಳಿಗೆ ಒಂದು ಮೆಟ್ಟಿಲು ಕೆಳಗಿನ ‘ಮಧ್ಯಮ–ಮೇಲು’ ಹಂತ ಸಾಕಾಗುತ್ತದೆ. ಇಂಗ್ಲಿಷ್ ಭಾಷಿಕರಿಗೆ ಈ ನಾಲ್ಕು ಭಾಷೆಗಳನ್ನು ಕಲಿಯಲು ಹೆಚ್ಚು ಕಾಲ ಬೇಕಾಗುವುದೇ ಈ ವ್ಯತ್ಯಾಸಕ್ಕೆ ಕಾರಣ. ವೃತ್ತಿಗೆ ಬೇಕಾದ ಪ್ರಾವೀಣ್ಯವನ್ನು ಇವುಗಳಲ್ಲಿ ಸಾಧಿಸಲು ಸುಮಾರು 2,200 ಗಂಟೆಗಳ ತರಗತಿ ಬೇಕೆಂದು ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯು ಅಂದಾಜಿಸುತ್ತದೆ; ಸ್ಪ್ಯಾನಿಷ್ ಮೊದಲಾದ ಭಾಷೆಗಳಿಗೆ ಇದರ ಮೂರನೆಯ ಒಂದು ಭಾಗದಷ್ಟು ಸಾಕು. ಲ್ಯಾಟಿನ್ ಭಾಷೆಯಲ್ಲಿ ಸಂಭಾಷಣೆಗಿಂತ ಪಠ್ಯವನ್ನು ಓದಿ ಅರ್ಥೈಸುವ ಸಾಮರ್ಥ್ಯಕ್ಕೆ ಪ್ರಾಧಾನ್ಯವಿದೆ.

ಮಾತಿನ ಹಂತವನ್ನು ‘ಮೌಖಿಕ ಪ್ರಾವೀಣ್ಯ ಸಂದರ್ಶನ’ದ ಮೂಲಕ ನಿರ್ಧರಿಸಲಾಗುತ್ತದೆ. ತರಬೇತಿ ಪಡೆದ ಪರೀಕ್ಷಕರು ಅಭ್ಯರ್ಥಿಯೊಂದಿಗೆ ದೂರವಾಣಿಯಲ್ಲಿ ಅರ್ಧ ಗಂಟೆಯವರೆಗೆ ಸಂಭಾಷಿಸುತ್ತಾರೆ. ಪರಿಚಯದ ಮಾತಿನಿಂದ ಆರಂಭವಾಗುವ ಸಂದರ್ಶನದಲ್ಲಿ ಪ್ರಶ್ನೆಗಳು ಕ್ರಮೇಣ ಕಠಿಣವಾಗುತ್ತವೆ. ಅಭ್ಯರ್ಥಿಯು ನಿರಾಯಾಸವಾಗಿ ನಿಲ್ಲಬಲ್ಲ ಹಂತ ಯಾವುದು, ತಡವರಿಸುವ ಹಂತ ಯಾವುದು ಎಂಬುದನ್ನು ಹೀಗೆ ಗುರುತಿಸಲಾಗುತ್ತದೆ. ನಡುವೆ ಒಂದು ಪಾತ್ರಾಭಿನಯವೂ ಇರುತ್ತದೆ. ಧ್ವನಿಮುದ್ರಿತ ಸಂಭಾಷಣೆಯನ್ನು ಇನ್ನೊಬ್ಬ ಮೌಲ್ಯಮಾಪಕರೂ ಆಲಿಸಿದ ಬಳಿಕ ಅಂತಿಮ ಶ್ರೇಣಿ ಪ್ರಕಟವಾಗುತ್ತದೆ. ಗಣಕಯಂತ್ರದ ಮೂಲಕ ನಡೆಯುವ ಮೌಖಿಕ ಪರೀಕ್ಷೆ ಮತ್ತು ಪ್ರತ್ಯೇಕ ಬರವಣಿಗೆಯ ಪರೀಕ್ಷೆಗಳೂ ಇವೆ.

ಸಾಹಿತ್ಯಪ್ರಧಾನವಾದ ಪದವಿ ವ್ಯಾಸಂಗ ಮಾತ್ರದಿಂದ ‘ಮುಂದುವರಿದ’ ಹಂತವನ್ನು ತಲುಪುವುದು ಅನೇಕರಿಗೆ ಕಷ್ಟ. ಹಾಗಾಗಿ ಆ ಭಾಷೆಯನ್ನಾಡುವ ನಾಡಿನಲ್ಲಿ ವಾಸವಿದ್ದು ಕಲಿಯುವ ಅಥವಾ ಅದಕ್ಕೆ ಸಮಾನವಾದ ಭಾಷಾಪರಿಸರದಲ್ಲಿ ಮುಳುಗಿ ಕಲಿಯುವ ಅವಕಾಶವನ್ನು ಒದಗಿಸುವುದು ಕಾರ್ಯಕ್ರಮಗಳ ಹೊಣೆಯೆಂದು ಮಾನಕಗಳು ಹೇಳುತ್ತವೆ.

ಪಠ್ಯಕ್ರಮ

2013ರ ಮಾನಕಗಳು ಭಾಷಾ ಶಿಕ್ಷಕರಲ್ಲಿರಬೇಕಾದ ಅರ್ಹತೆಗಳನ್ನು ಆರು ಶೀರ್ಷಿಕೆಗಳಡಿ ನಿರೂಪಿಸುತ್ತವೆ:

• ಬೋಧಿಸುವ ಭಾಷೆಯಲ್ಲಿ ಪ್ರಾವೀಣ್ಯ
• ಸಂಸ್ಕೃತಿ, ಭಾಷಾವಿಜ್ಞಾನ, ಸಾಹಿತ್ಯ ಮತ್ತು ಇತರ ಜ್ಞಾನಶಾಖೆಗಳ ಪರಿಕಲ್ಪನೆಗಳು
• ಭಾಷಾರ್ಜನೆಯ ಸಿದ್ಧಾಂತಗಳು, ವಿದ್ಯಾರ್ಥಿಗಳ ಬೆಳವಣಿಗೆ ಮತ್ತು ಅಗತ್ಯಗಳ ಅರಿವು
• ಮಾನಕಗಳಿಗೆ ಅನುಗುಣವಾದ ಪಾಠಯೋಜನೆ ಮತ್ತು ಬೋಧನೆ
• ಕಲಿಕೆಯ ಮೌಲ್ಯಮಾಪನ
• ವೃತ್ತಿವಿಕಾಸ, ಭಾಷಾಶಿಕ್ಷಣದ ಪರ ವಕಾಲತ್ತು ಮತ್ತು ವೃತ್ತಿನೀತಿ

ಸ್ನಾತಕೋತ್ತರ ಕಾರ್ಯಕ್ರಮವು ಸಾಮಾನ್ಯವಾಗಿ 30ರಿಂದ 45 ಕ್ರೆಡಿಟ್‌ಗಳಷ್ಟು ಇರುತ್ತದೆ. ಹದಿಹರೆಯದವರ ಮನೋವಿಜ್ಞಾನ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ, ತರಗತಿ ನಿರ್ವಹಣೆ, ಶಿಕ್ಷಣದ ಕಾನೂನು ಮತ್ತು ಇತಿಹಾಸ ಇವು ಎಲ್ಲ ವಿಷಯಗಳ ಶಿಕ್ಷಕರಿಗೂ ಸಮಾನ. ಇವುಗಳ ಜೊತೆಗೆ ಭಾಷಾ ಬೋಧನಾಪದ್ಧತಿಯ ಪಠ್ಯವು ಭಾಷಾ ಶಿಕ್ಷಕರಿಗೆ ಪ್ರತ್ಯೇಕವಾಗಿರುತ್ತದೆ. ಇದೇ ತರಬೇತಿಯ ತಿರುಳು.

ಈ ಪಠ್ಯದಲ್ಲಿ ಸ್ಟೀಫನ್ ಕ್ರ್ಯಾಶನ್ ಪ್ರತಿಪಾದಿಸಿದ ‘ಗ್ರಹಿಸಬಹುದಾದ ಭಾಷೆಯನ್ನು ಕೇಳುವುದರಿಂದಲೇ ಭಾಷೆ ದಕ್ಕುತ್ತದೆ’ ಎಂಬ ಸಿದ್ಧಾಂತವನ್ನೂ, ಮಾತನಾಡುವ ಮತ್ತು ಅರ್ಥಕ್ಕಾಗಿ ಪರಸ್ಪರ ಸಂವಾದಿಸುವ ಪಾತ್ರವನ್ನು ಒತ್ತಿಹೇಳುವ ಇತರ ಸಿದ್ಧಾಂತಗಳನ್ನೂ ಅಭ್ಯಸಿಸಲಾಗುತ್ತದೆ. ಸಂವಹನವನ್ನು ಮೂರು ವಿಧಾನಗಳಾಗಿ ನೋಡಲಾಗುತ್ತದೆ: ಎದುರಿನವರೊಂದಿಗೆ ಸಂಭಾಷಿಸುವುದು, ಕೇಳಿದ ಅಥವಾ ಓದಿದ ವಿಷಯವನ್ನು ಅರ್ಥೈಸುವುದು, ಸಿದ್ಧಪಡಿಸಿಕೊಂಡು ಮಂಡಿಸುವುದು. ಪ್ರತಿ ಪಾಠಘಟಕದಲ್ಲಿಯೂ ಈ ಮೂರಕ್ಕೂ ಸ್ಥಾನವಿರಬೇಕೆಂದು ಅಪೇಕ್ಷಿಸಲಾಗುತ್ತದೆ. ಶಾಲಾ ಮಾನಕಗಳು ಸಂವಹನ, ಸಂಸ್ಕೃತಿ, ಸಂಬಂಧ, ಹೋಲಿಕೆ ಮತ್ತು ಸಮುದಾಯ ಎಂಬ ಐದು ಗುರಿಗಳನ್ನು ಹೊಂದಿವೆ.

ತರಗತಿಯ ಅವಧಿಯಲ್ಲಿ ಶೇಕಡ 90 ಅಥವಾ ಅದಕ್ಕೂ ಹೆಚ್ಚು ಭಾಗ ಕಲಿಸುವ ಭಾಷೆಯೇ ಬಳಕೆಯಾಗಬೇಕೆಂದು ಆಕ್ಟ್‌ಫಲ್ 2010ರಲ್ಲಿ ಶಿಫಾರಸು ಮಾಡಿತು. ಹೊಸ ಶಿಕ್ಷಕರಿಗೆ ಇದು ಅತ್ಯಂತ ಕಠಿಣವಾದ ಅಭ್ಯಾಸ. ಮಕ್ಕಳಿಗೆ ಅರ್ಥವಾಗದಿದ್ದಾಗ ಇಂಗ್ಲಿಷಿಗೆ ಜಾರುವ ಬದಲು ಚಿತ್ರ, ಹಾವಭಾವ, ವಸ್ತು, ಪುನರುಕ್ತಿ ಮತ್ತು ಸರಳ ಪದಗಳ ಮೂಲಕ ಅರ್ಥವನ್ನು ತಲುಪಿಸುವುದನ್ನು ಇಲ್ಲಿ ಕಲಿಸಲಾಗುತ್ತದೆ. ವ್ಯಾಕರಣದ ನಿಯಮವನ್ನು ಮೊದಲು ಹೇಳಿ ಅನಂತರ ಅಭ್ಯಾಸ ಮಾಡಿಸುವ ಹಳೆಯ ಕ್ರಮದ ಬದಲಿಗೆ, ಕಥೆ ಅಥವಾ ಸಹಜ ಪಠ್ಯವೊಂದರಲ್ಲಿ ರೂಪಗಳನ್ನು ಮಕ್ಕಳೇ ಗಮನಿಸಿ ನಿಯಮವನ್ನು ಕಂಡುಕೊಳ್ಳುವಂತೆ ಪಾಠಗಳನ್ನು ರಚಿಸಲಾಗುತ್ತದೆ. ಕಲಿಕೆಯ ಫಲವನ್ನು ಮೊದಲು ನಿರ್ಧರಿಸಿ, ಅದನ್ನು ಅಳೆಯುವ ಬಗೆಯನ್ನು ಗೊತ್ತುಪಡಿಸಿ, ಕೊನೆಯಲ್ಲಿ ಚಟುವಟಿಕೆಗಳನ್ನು ಜೋಡಿಸುವ ‘ಹಿಮ್ಮುಖ ಯೋಜನೆ’ಯು ಪಾಠಯೋಜನೆಯ ಪ್ರಚಲಿತ ಕ್ರಮವಾಗಿದೆ.

ಬೋಧನಾಭ್ಯಾಸ

ತರಬೇತಿಯ ಆರಂಭದಲ್ಲಿ ಪ್ರಶಿಕ್ಷಣಾರ್ಥಿಗಳು ಶಾಲಾತರಗತಿಗಳನ್ನು ವೀಕ್ಷಿಸುತ್ತಾರೆ. ಅನಂತರ ಒಂದು ಸೆಮಿಸ್ಟರ್ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಪೂರ್ಣಾವಧಿ ಬೋಧನಾಭ್ಯಾಸವಿರುತ್ತದೆ. ಮೊದಮೊದಲು ಮಾರ್ಗದರ್ಶಿ ಶಿಕ್ಷಕರ ಪಾಠಗಳಲ್ಲಿ ನೆರವಾಗುವ ಪ್ರಶಿಕ್ಷಣಾರ್ಥಿಯು ಕ್ರಮೇಣ ಒಂದೊಂದೇ ತರಗತಿಯ ಹೊಣೆಯನ್ನು ವಹಿಸಿಕೊಂಡು, ಕೊನೆಯ ವಾರಗಳಲ್ಲಿ ದಿನದ ಎಲ್ಲ ಪಾಠಗಳನ್ನೂ ನಿರ್ವಹಿಸುತ್ತಾನೆ ಅಥವಾ ನಿರ್ವಹಿಸುತ್ತಾಳೆ. ವಿಶ್ವವಿದ್ಯಾಲಯದ ಮೇಲ್ವಿಚಾರಕರು ಹಲವು ಬಾರಿ ಪಾಠವೀಕ್ಷಣೆ ಮಾಡಿ ಲಿಖಿತ ಅಭಿಪ್ರಾಯವನ್ನು ನೀಡುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಇಡೀ ಕಾರ್ಯಕ್ರಮದ ಅವಧಿಯಲ್ಲಿ ಕನಿಷ್ಠ 600 ಗಂಟೆಗಳ ಶಾಲಾನುಭವ ಕಡ್ಡಾಯವಾಗಿದೆ.

ಭಾಷಾ ಶಿಕ್ಷಕರ ಬೋಧನಾಭ್ಯಾಸಕ್ಕೆ ತನ್ನದೇ ಆದ ತೊಡಕುಗಳಿವೆ. ಅನೇಕ ರಾಜ್ಯಗಳಲ್ಲಿ ಭಾಷಾ ಪರವಾನಗಿಯು ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ತರಗತಿಯವರೆಗೆ ಅನ್ವಯಿಸುವುದರಿಂದ ಚಿಕ್ಕ ಮಕ್ಕಳ ಮತ್ತು ದೊಡ್ಡ ಮಕ್ಕಳ ತರಗತಿಗಳೆರಡರಲ್ಲಿಯೂ ಅನುಭವ ಬೇಕಾಗುತ್ತದೆ. ಆದರೆ ಪ್ರಾಥಮಿಕ ಹಂತದಲ್ಲಿ ಭಾಷೆ ಕಲಿಸುವ ಶಾಲೆಗಳು ವಿರಳ. ಚೀನೀ, ಅರಬ್ಬಿ ಮೊದಲಾದ ಭಾಷೆಗಳಲ್ಲಿ ಇಡೀ ಜಿಲ್ಲೆಗೆ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಸಂದರ್ಭಗಳಿವೆ; ಅಂತಹ ಕಡೆ ಅದೇ ಭಾಷೆಯ ಅನುಭವಿ ಮಾರ್ಗದರ್ಶಿ ಶಿಕ್ಷಕರು ದೊರೆಯುವುದೇ ದುರ್ಲಭ. ಮೇಲ್ವಿಚಾರಕರು ಭಾಷಾಬೋಧನೆಯ ಅನುಭವವುಳ್ಳವರೇ ಆಗಿರಬೇಕೆಂದು ಮಾನಕಗಳು ಅಪೇಕ್ಷಿಸುವುದು, ಪಾಠದ ಭಾಷೆಯನ್ನರಿಯದ ವೀಕ್ಷಕರು ಶಿಸ್ತು ಮತ್ತು ಚಟುವಟಿಕೆಯನ್ನು ಮಾತ್ರ ಗಮನಿಸಬಲ್ಲರೆಂಬ ಕಾರಣಕ್ಕಾಗಿ.

ಪರೀಕ್ಷೆಗಳು

ಅನೇಕ ರಾಜ್ಯಗಳು ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯ ‘ಪ್ರ್ಯಾಕ್ಸಿಸ್’ ಪರೀಕ್ಷೆಗಳನ್ನು ಬಳಸುತ್ತವೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮತ್ತು ಚೀನೀ ಭಾಷೆಗಳ ಪ್ರಶ್ನೆಪತ್ರಿಕೆಗಳು ಆಲಿಸುವಿಕೆ, ಓದು, ಬರವಣಿಗೆ ಮತ್ತು ಮಾತು ಈ ನಾಲ್ಕನ್ನೂ ಸಾಂಸ್ಕೃತಿಕ ಜ್ಞಾನದೊಂದಿಗೆ ಪರೀಕ್ಷಿಸುತ್ತವೆ. ಕ್ಯಾಲಿಫೋರ್ನಿಯ, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಮೊದಲಾದ ರಾಜ್ಯಗಳು ತಮ್ಮದೇ ಪರೀಕ್ಷೆಗಳನ್ನು ರೂಪಿಸಿಕೊಂಡಿವೆ. ನ್ಯೂಜೆರ್ಸಿಯು ಮೌಖಿಕ ಪ್ರಾವೀಣ್ಯ ಸಂದರ್ಶನದ ಫಲಿತಾಂಶವನ್ನು ಕಡ್ಡಾಯಗೊಳಿಸಿದೆ.

ಬೋಧನಾ ಸಾಮರ್ಥ್ಯವನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಎಡ್‌ಟಿಪಿಎ’ ಎಂಬ ಮೌಲ್ಯಮಾಪನವು 2013ರಿಂದ ವ್ಯಾಪಕವಾಗಿ ಬಳಕೆಗೆ ಬಂದಿತು. ಇದರಲ್ಲಿ ಅಭ್ಯರ್ಥಿಯು ತಾನು ರಚಿಸಿದ ಪಾಠಯೋಜನೆಗಳು, ತರಗತಿಯ ವೀಡಿಯೊ ತುಣುಕುಗಳು, ವಿದ್ಯಾರ್ಥಿಗಳ ಕೆಲಸದ ಮಾದರಿಗಳು ಮತ್ತು ಅವುಗಳ ವಿಶ್ಲೇಷಣೆಯನ್ನು ಸಲ್ಲಿಸಬೇಕು. ಹೆಚ್ಚಿನ ವಿಷಯಗಳಿಗೆ 15 ಅಂಶಗಳ ಮೌಲ್ಯಮಾಪನವಿದ್ದರೆ ವಿಶ್ವ ಭಾಷೆಗಳಿಗೆ 13 ಅಂಶಗಳಿವೆ. ಶುಲ್ಕದ ಹೊರೆ ಮತ್ತು ಶಿಕ್ಷಕರ ಕೊರತೆಯ ಹಿನ್ನೆಲೆಯಲ್ಲಿ ಜಾರ್ಜಿಯ, ವಾಷಿಂಗ್ಟನ್, ನ್ಯೂಯಾರ್ಕ್, ನ್ಯೂಜೆರ್ಸಿ ರಾಜ್ಯಗಳು 2020ರಿಂದ 2022ರ ನಡುವೆ ಇದನ್ನು ಪರವಾನಗಿಯ ಷರತ್ತುಗಳಿಂದ ಕೈಬಿಟ್ಟವು.

ಪರ್ಯಾಯ ಮಾರ್ಗಗಳು ಮತ್ತು ರಾಜ್ಯಾಂತರ ಮಾನ್ಯತೆ

ಪೂರ್ಣ ತರಬೇತಿಗೆ ಮೊದಲೇ ಕೆಲಸಕ್ಕೆ ಸೇರಿ, ಸಂಬಳ ಪಡೆಯುತ್ತಲೇ ಸಂಜೆ ಅಥವಾ ರಜಾದಿನಗಳಲ್ಲಿ ಶಿಕ್ಷಣವಿಷಯಗಳನ್ನು ಓದುವ ಪರ್ಯಾಯ ಮಾರ್ಗಗಳು ಹೆಚ್ಚಿನ ರಾಜ್ಯಗಳಲ್ಲಿವೆ. ನ್ಯೂಜೆರ್ಸಿಯು 1980ರ ದಶಕದಲ್ಲಿಯೇ ಇಂತಹ ವ್ಯವಸ್ಥೆಯನ್ನು ಜಾರಿಗೆ ತಂದಿತು. ಭಾಷೆ ಬಲ್ಲ ವೃತ್ತಿಪರರಿಗೆ ಇದು ಅನುಕೂಲಕರ. ಆದರೆ ಬೋಧನಾಪದ್ಧತಿಯನ್ನು ಕಲಿಯುವ ಮೊದಲೇ ತರಗತಿಯ ಪೂರ್ಣ ಹೊಣೆ ಅವರ ಮೇಲೆ ಬೀಳುತ್ತದೆ.

ವಿನಿಮಯ ಸಂದರ್ಶಕರ ಜೆ–1 ವೀಸಾದ ಮೂಲಕ ಹೊರದೇಶದ ಅನುಭವಿ ಶಿಕ್ಷಕರನ್ನು ಮೂರು ವರ್ಷಗಳ ಅವಧಿಗೆ ಕರೆಸಿಕೊಳ್ಳಲು ಅವಕಾಶವಿದೆ. ಈ ಅವಧಿಯನ್ನು ಗರಿಷ್ಠ ಎರಡು ವರ್ಷ ವಿಸ್ತರಿಸಬಹುದು. ಸ್ಪ್ಯಾನಿಷ್ ಮತ್ತು ಚೀನೀ ತರಗತಿಗಳಿಗೆ, ದ್ವಿಭಾಷಾ ಶಾಲೆಗಳಿಗೆ ಹೀಗೆ ಬಂದ ಶಿಕ್ಷಕರು ಗಣನೀಯ ನೆರವನ್ನು ನೀಡಿದ್ದಾರೆ.

ಒಂದು ರಾಜ್ಯದ ಪರವಾನಗಿಯು ಇನ್ನೊಂದರಲ್ಲಿ ತಾನಾಗಿಯೇ ಮಾನ್ಯವಾಗುವುದಿಲ್ಲ. ರಾಜ್ಯಗಳ ನಡುವಣ ಒಪ್ಪಂದಗಳಿಂದ ಅರ್ಜಿಯ ಕ್ರಮ ಸುಲಭವಾಗಿದ್ದರೂ ಹೆಚ್ಚುವರಿ ಪರೀಕ್ಷೆ ಅಥವಾ ವ್ಯಾಸಂಗದ ಷರತ್ತುಗಳಿರಬಹುದು. ‘ರಾಜ್ಯಾಂತರ ಶಿಕ್ಷಕ ಸಂಚಾರ ಒಪ್ಪಂದ’ವು ಹತ್ತು ರಾಜ್ಯಗಳ ಅಂಗೀಕಾರದೊಂದಿಗೆ 2023ರಲ್ಲಿ ಚಾಲನೆ ಪಡೆಯಿತು.

ವೆಚ್ಚ ಮತ್ತು ನೆರವು

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಸಾಮಾನ್ಯವಾಗಿ ವೇತನವಿರುವುದಿಲ್ಲ. ಅದೇ ಅವಧಿಗೆ ಅವರು ವಿಶ್ವವಿದ್ಯಾಲಯಕ್ಕೆ ಶುಲ್ಕವನ್ನೂ ಕಟ್ಟಬೇಕು. ಪರೀಕ್ಷೆ ಮತ್ತು ಪರವಾನಗಿಯ ಶುಲ್ಕಗಳು ಬೇರೆ. ದಿನವಿಡೀ ಶಾಲೆಯಲ್ಲಿರುವುದರಿಂದ ಇತರ ಉದ್ಯೋಗ ಮಾಡುವುದೂ ಕಷ್ಟ. ಕಡಿಮೆ ಆದಾಯದ ಮನೆಗಳಿಂದ ಬಂದವರು, ವಿಶೇಷವಾಗಿ ಆ ಭಾಷೆಯನ್ನು ಮನೆಮಾತಾಗಿ ಉಳ್ಳ ವಲಸಿಗ ಕುಟುಂಬದವರು ಈ ಹಂತದಲ್ಲಿಯೇ ಹಿಂದೆ ಸರಿಯುವುದುಂಟು.

2007ರ ಕಾಯಿದೆಯೊಂದರ ಮೂಲಕ ಜಾರಿಗೆ ಬಂದ ‘ಟೀಚ್ ಅನುದಾನ’ವು ವರ್ಷಕ್ಕೆ ಗರಿಷ್ಠ 4,000 ಡಾಲರ್‌ಗಳನ್ನೂ ಸ್ನಾತಕೋತ್ತರ ವ್ಯಾಸಂಗದಲ್ಲಿ ಒಟ್ಟು 8,000 ಡಾಲರ್‌ಗಳವರೆಗೂ ಒದಗಿಸುತ್ತದೆ. ಹೆಚ್ಚು ಅಗತ್ಯವಿರುವ ವಿಷಯಗಳ ಪಟ್ಟಿಯಲ್ಲಿ ವಿದೇಶಿ ಭಾಷೆಗಳೂ ಸೇರಿವೆ. ಅನುದಾನ ಪಡೆದವರು ವ್ಯಾಸಂಗ ಮುಗಿದ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಕಡಿಮೆ ಆದಾಯದ ಪ್ರದೇಶದ ಶಾಲೆಯಲ್ಲಿ ಪೂರ್ಣಾವಧಿ ಬೋಧಿಸಬೇಕು. ಷರತ್ತು ಪೂರೈಸದಿದ್ದರೆ ಅನುದಾನವು ಸಾಲವಾಗಿ ಪರಿವರ್ತಿತವಾಗಿ, ಹಣ ಪಡೆದ ದಿನದಿಂದಲೇ ಬಡ್ಡಿ ಲೆಕ್ಕವಾಗುತ್ತದೆ. ಇಂತಹ ಶಾಲೆಗಳಲ್ಲಿ ಐದು ವರ್ಷ ನಿರಂತರ ಸೇವೆ ಸಲ್ಲಿಸಿದವರಿಗೆ ಒಕ್ಕೂಟ ಸರ್ಕಾರದ ಶಿಕ್ಷಣಸಾಲದಲ್ಲಿ ಮನ್ನಾ ಕೂಡ ಇದೆ. ಆದರೆ 17,500 ಡಾಲರ್‌ಗಳ ಗರಿಷ್ಠ ಮನ್ನಾ ಪ್ರೌಢಶಾಲಾ ಗಣಿತ, ವಿಜ್ಞಾನ ಮತ್ತು ವಿಶೇಷ ಶಿಕ್ಷಣದ ಶಿಕ್ಷಕರಿಗೆ ಮೀಸಲು. ಭಾಷಾ ಶಿಕ್ಷಕರಿಗೆ 5,000 ಡಾಲರ್‌ಗಳ ಮಿತಿ ಅನ್ವಯಿಸುತ್ತದೆ.

ಶಿಕ್ಷಕರ ಕೊರತೆ ಮತ್ತು ಚರ್ಚೆ

2017ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಮೆರಿಕದ ಶಾಲಾಮಕ್ಕಳಲ್ಲಿ ಸುಮಾರು ಶೇಕಡ 20ರಷ್ಟು, ಎಂದರೆ 1 ಕೋಟಿ 6 ಲಕ್ಷ ಮಕ್ಕಳು ಇಂಗ್ಲಿಷೇತರ ಭಾಷೆಯೊಂದನ್ನು ಕಲಿಯುತ್ತಿದ್ದರು. ಇವರಲ್ಲಿ ಬಹುಪಾಲು ಸ್ಪ್ಯಾನಿಷ್ ವಿದ್ಯಾರ್ಥಿಗಳು. ಶಿಕ್ಷಕರ ಕೊರತೆಯಿರುವ ವಿಷಯಗಳೆಂದು ರಾಜ್ಯಗಳು ವರ್ಷವೂ ಒಕ್ಕೂಟದ ಶಿಕ್ಷಣ ಇಲಾಖೆಗೆ ಸಲ್ಲಿಸುವ ಪಟ್ಟಿಗಳಲ್ಲಿ ವಿಶ್ವ ಭಾಷೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಕೊರತೆಯ ಮೂಲವು ಕಾಲೇಜುಗಳಲ್ಲಿಯೂ ಇದೆ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನ ಗಣತಿಯಂತೆ 2016 ಮತ್ತು 2021ರ ನಡುವೆ ಉನ್ನತ ಶಿಕ್ಷಣದಲ್ಲಿ ಭಾಷಾಪಠ್ಯಗಳಿಗೆ ಸೇರಿದವರ ಸಂಖ್ಯೆ ಶೇಕಡ 16.6ರಷ್ಟು ಕುಸಿಯಿತು. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯವು 2023ರಲ್ಲಿ ತನ್ನ ವಿಶ್ವ ಭಾಷೆಗಳ ವಿಭಾಗವನ್ನು ವಿಸರ್ಜಿಸಲು ನಿರ್ಧರಿಸಿದ್ದು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಭಾಷಾಪದವೀಧರರು ಕಡಿಮೆಯಾದಂತೆ ಸ್ನಾತಕೋತ್ತರ ತರಬೇತಿಗೆ ಬರುವವರೂ ಕಡಿಮೆಯಾಗುತ್ತಾರೆ. ಶಿಕ್ಷಕರಿಲ್ಲದ ಶಾಲೆಗಳು ಭಾಷಾತರಗತಿಗಳನ್ನು ಮುಚ್ಚಿದಾಗ ಮುಂದೆ ಕಾಲೇಜಿನಲ್ಲಿ ಭಾಷೆಯನ್ನು ಆರಿಸಿಕೊಳ್ಳುವವರು ಮತ್ತಷ್ಟು ಇಳಿಯುತ್ತಾರೆ.

ಪರೀಕ್ಷೆಗಳ ಮಿತಿಯನ್ನು ತಗ್ಗಿಸಬೇಕೆನ್ನುವವರು, ಸಮರ್ಥರಾದ ಮನೆಮಾತಿನ ಭಾಷಿಕರನ್ನು ಶುಲ್ಕ ಮತ್ತು ಕಾಗದಪತ್ರಗಳ ಕಾರಣದಿಂದ ದೂರವಿಡುವುದು ವಿವೇಕವಲ್ಲವೆಂದು ವಾದಿಸುತ್ತಾರೆ. ಮಿತಿಯನ್ನು ಉಳಿಸಿಕೊಳ್ಳಬೇಕೆನ್ನುವವರು, ತಾವೇ ನಿರರ್ಗಳವಾಗಿ ಮಾತನಾಡಲಾರದ ಶಿಕ್ಷಕರು ತರಗತಿಯನ್ನು ಆ ಭಾಷೆಯಲ್ಲಿ ನಡೆಸಲಾರರು, ಕೊನೆಗೆ ಮಕ್ಕಳಿಗೆ ವ್ಯಾಕರಣದ ಕೋಷ್ಟಕಗಳು ಮಾತ್ರ ದೊರೆಯುತ್ತವೆ ಎನ್ನುತ್ತಾರೆ. ಭಾಷೆಯ ಪ್ರಾವೀಣ್ಯಕ್ಕೆ ಮಿತಿಯನ್ನು ಹಾಗೆಯೇ ಉಳಿಸಿ, ಬೋಧನಾಭ್ಯಾಸಕ್ಕೆ ವೇತನ ನೀಡುವ ‘ನಿವಾಸಿ ಶಿಕ್ಷಕ’ ಕಾರ್ಯಕ್ರಮಗಳು ಇವೆರಡರ ನಡುವಣ ದಾರಿಯಾಗಿ ಬೆಳೆಯುತ್ತಿವೆ.

ಭಾರತೀಯ ಭಾಷೆಗಳು ಮತ್ತು ಕನ್ನಡ

ಭಾರತೀಯ ಭಾಷೆಗಳ ಶಿಕ್ಷಕರಿಗೆ ಪರವಾನಗಿಯ ದಾರಿಗಳು ಕಿರಿದಾಗಿವೆ. ಕ್ಯಾಲಿಫೋರ್ನಿಯದ ವಿಶ್ವ ಭಾಷಾ ಪರೀಕ್ಷೆಗಳ ಪಟ್ಟಿಯಲ್ಲಿ ಪಂಜಾಬಿ ಸೇರಿದೆ. ಆ ರಾಜ್ಯದ ಕೃಷಿಪ್ರದೇಶಗಳಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ನೆಲೆಸಿರುವ ಪಂಜಾಬಿ ಸಮುದಾಯ ದೊಡ್ಡದು. ನ್ಯೂಜೆರ್ಸಿ ಮತ್ತು ಟೆಕ್ಸಸ್ ರಾಜ್ಯಗಳ ಕೆಲವು ಸಾರ್ವಜನಿಕ ಶಾಲೆಗಳಲ್ಲಿ ಹಿಂದಿಯನ್ನು ಕಲಿಸಲಾಗಿದೆ. ನ್ಯೂಜೆರ್ಸಿಯ ಕೀನ್ ವಿಶ್ವವಿದ್ಯಾಲಯವು ಹಿಂದಿ ಮತ್ತು ಉರ್ದು ಭಾಷಾಬೋಧನೆಯಲ್ಲಿ ಸ್ನಾತಕೋತ್ತರ ಪದವಿಯ ಕಾರ್ಯಕ್ರಮವನ್ನು ರೂಪಿಸಿತು. 2006ರ ರಾಷ್ಟ್ರೀಯ ಭದ್ರತಾ ಭಾಷಾ ಉಪಕ್ರಮದ ಅಂಗವಾದ ‘ಸ್ಟಾರ್‌ಟಾಕ್’ ಯೋಜನೆಯು ಹಿಂದಿ ಮತ್ತು ಉರ್ದು ಶಿಕ್ಷಕರಿಗೂ ಬೇಸಿಗೆಯ ತರಬೇತಿಯನ್ನು ನೀಡಿತು. ಕನ್ನಡವು ಅದರ ಪಟ್ಟಿಯಲ್ಲಿರಲಿಲ್ಲ.

ಅಮೆರಿಕದಲ್ಲಿ ಕನ್ನಡದ ಬೋಧನೆಯು ಬಹುಮಟ್ಟಿಗೆ ಕನ್ನಡ ಕೂಟಗಳು ಮತ್ತು ಸ್ವಯಂಸೇವಕರು ನಡೆಸುವ ವಾರಾಂತ್ಯದ ತರಗತಿಗಳಲ್ಲಿ ನಡೆಯುತ್ತದೆ. ಇವು ಸಾರ್ವಜನಿಕ ಶಾಲೆಗಳಲ್ಲವಾದ್ದರಿಂದ ಬೋಧಕರಿಗೆ ಪರವಾನಗಿ ಬೇಕಾಗಿಲ್ಲ. ಆದರೆ ಈ ತರಗತಿಗಳಲ್ಲಿ ಕಲಿತ ಮಕ್ಕಳ ಕನ್ನಡವನ್ನು ಶಾಲೆಗಳು ಗುರುತಿಸುವ ಮಾರ್ಗವೊಂದಿದೆ. ಕ್ಯಾಲಿಫೋರ್ನಿಯವು 2011ರಲ್ಲಿ ಆರಂಭಿಸಿ ಅನಂತರ ಇತರ ರಾಜ್ಯಗಳೂ ಅಳವಡಿಸಿಕೊಂಡ ‘ದ್ವಿಭಾಷಾ ಸಾಕ್ಷರತಾ ಮುದ್ರೆ’ಯು ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯಲ್ಲಿ ಪ್ರಾವೀಣ್ಯ ತೋರಿದ ಪ್ರೌಢಶಾಲಾ ಪದವೀಧರರಿಗೆ ನೀಡುವ ಮನ್ನಣೆ. ಇದಕ್ಕಾಗಿ ಬಳಕೆಯಲ್ಲಿರುವ ‘ಅವಾಂಟ್ ಸ್ಟ್ಯಾಂಪ್’ ಪರೀಕ್ಷೆಗಳಲ್ಲಿ ಕನ್ನಡದ ಬರವಣಿಗೆ ಮತ್ತು ಮಾತಿನ ಪರೀಕ್ಷೆಯೂ ಲಭ್ಯವಿದೆ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವು ಕನ್ನಡವನ್ನು ಬೋಧಿಸಿದೆ. ಅಮೆರಿಕದ ವಿದ್ಯಾರ್ಥಿಗಳಿಗಾಗಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯು ಮೈಸೂರಿನಲ್ಲಿ ಕನ್ನಡ ತರಗತಿಗಳನ್ನು ನಡೆಸುತ್ತದೆ.

ಭಾರತದಲ್ಲಿ ಪದವಿ ಅಥವಾ ಬಿ.ಎಡ್. ಪಡೆದು ಅಮೆರಿಕದಲ್ಲಿ ಶಿಕ್ಷಕರಾಗಬಯಸುವವರು ತಮ್ಮ ಅಂಕಪಟ್ಟಿಗಳನ್ನು ಮಾನ್ಯತೆ ಪಡೆದ ಸಂಸ್ಥೆಯಿಂದ ತುಲನಾತ್ಮಕ ಮೌಲ್ಯಮಾಪನಕ್ಕೆ ಒಳಪಡಿಸಬೇಕು. ಮೂರು ವರ್ಷಗಳ ಭಾರತೀಯ ಪದವಿಯನ್ನು ಅಲ್ಲಿನ ನಾಲ್ಕು ವರ್ಷಗಳ ಪದವಿಗೆ ಸಮಾನವೆಂದು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಅಂತಹ ಸಂದರ್ಭದಲ್ಲಿ ಭಾರತದ ಸ್ನಾತಕೋತ್ತರ ಪದವಿ ಅಥವಾ ಹೆಚ್ಚುವರಿ ಕ್ರೆಡಿಟ್‌ಗಳು ನೆರವಿಗೆ ಬರುತ್ತವೆ.

ಭಾಷಾ ಶಿಕ್ಷಕರನ್ನು ಅನ್ಯಭಾಷೆಯಲ್ಲಿ ಸಜ್ಜುಗೊಳಿಸುವ ಪ್ರಯತ್ನವು ಕರ್ನಾಟಕದಲ್ಲಿಯೂ ನಡೆದಿದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಅಂಗವಾದ ದಕ್ಷಿಣ ವಲಯ ಭಾಷಾ ಕೇಂದ್ರವು ಇತರ ರಾಜ್ಯಗಳ ಸೇವಾನಿರತ ಶಿಕ್ಷಕರಿಗೆ ಕನ್ನಡ, ತಮಿಳು, ತೆಲುಗು ಮತ್ತು ಮಲಯಾಳ ಭಾಷೆಗಳಲ್ಲಿ ಹತ್ತು ತಿಂಗಳ ತರಬೇತಿಯನ್ನು ನೀಡುತ್ತ ಬಂದಿದೆ. ಅಮೆರಿಕದ ಕ್ರಮದಲ್ಲಿ ಭಾಷೆಯನ್ನು ಮೊದಲೇ ಬಲ್ಲವರಿಗೆ ಬೋಧನೆಯನ್ನು ಕಲಿಸಿದರೆ, ಇಲ್ಲಿ ಬೋಧನೆಯನ್ನು ಮೊದಲೇ ಬಲ್ಲವರಿಗೆ ಭಾಷೆಯನ್ನು ಕಲಿಸಲಾಗುತ್ತದೆ.